ಮಡಿ ಗಳದಿಂದ ಬಟ್ಟೆ ಸ್ಟ್ಯಾಂಡಿನವರೆಗೆ: ಮಳೆಗಾಲದಲ್ಲಿ ಬಟ್ಟೆ ಒಣಗಿಸಿದ ಚರಿತ್ರೆ

ಜೂನ್ ಬಂತು ಅಂದ್ರೆ ಮುಂಬೈ, ಪುಣೆ ಕಡೆ ಇರುವ ನಮ್ಮವರ ಮನೆಗಳಲ್ಲಿ ಸೋಫಾಕ್ಕಿಂತ ಬಟ್ಟೆ ಸ್ಟ್ಯಾಂಡೇ ದೊಡ್ಡದಾಗಿ ಕಾಣುತ್ತೆ. ಚೆನ್ನೈನವರಿಗೆ ಇದೇ ಪಾಡು ಅಕ್ಟೋಬರ್ ನಂತರ. ಮೂರು ದಿನವಾದರೂ ಜೀನ್ಸ್ ಸೊಂಟದ ಹತ್ತಿರ ಒದ್ದೆ, ಟವೆಲ್ಲಿಗೆ ಮುಗ್ಗಲು ವಾಸನೆ. ಡ್ರೈಯರ್ ತಗೊಂಡ್ಬಿಡೋಣ್ವಾ ಅನ್ನೋ ಚರ್ಚೆ ಶುರುವಾಗುತ್ತೆ. ಅದಕ್ಕೆ ಮುಂಚೆ ಒಂದು ಪ್ರಶ್ನೆ: ಕರೆಂಟೇ ಇಲ್ಲದ ಕಾಲದಲ್ಲಿ, ನಾಲ್ಕು ತಿಂಗಳು ಮಳೆ ಸುರಿಯುವ ನಾಡಿನಲ್ಲಿ ಜನ ಬಟ್ಟೆ ಹೇಗೆ ಒಣಗಿಸ್ತಿದ್ರು? ಆ ಕೆಲಸ ಯಾರ ತಲೆ ಮೇಲಿತ್ತು?

ನಮ್ಮ ಭಾಷೆಯಲ್ಲೇ ಒಂದು ಸುಳಿವಿದೆ. ‘ಮಡಿ’ ಅಂದ್ರೆ ಒಗೆದು ಶುಭ್ರ ಮಾಡಿದ ಬಟ್ಟೆ. ಅದನ್ನು ಮಾಡಿಕೊಡುವವರು ಮಡಿವಾಳರು. ಬೆಂಗಳೂರಿನಲ್ಲಿ ಕೆಲಸ ಮಾಡಿದವರೆಲ್ಲ ಮಡಿವಾಳದ ಟ್ರಾಫಿಕ್ಕಿನಲ್ಲಿ ನಿಂತಿದ್ದೇವೆ, ಆ ಪದದ ಅರ್ಥದ ಕಡೆ ಗಮನ ಕೊಟ್ಟವರು ಕಡಿಮೆ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಮಕಾಲೀನರಾಗಿದ್ದ ಮಡಿವಾಳ ಮಾಚಿದೇವರು ಇದೇ ಕಾಯಕದವರು. ಹಳ್ಳಿಗಳಲ್ಲಿ ಅಗಸರು ಆಯಗಾರರಲ್ಲಿ ಒಬ್ಬರು. ವರ್ಷವಿಡೀ ಊರಿನ ಬಟ್ಟೆ ಒಗೆದರೆ ಸುಗ್ಗಿಯಲ್ಲಿ ಇಷ್ಟು ಕಾಳು ಅಂತ ಲೆಕ್ಕ. ಅಂದ್ರೆ ಮಳೆ ಬಂದು ಬಟ್ಟೆ ಒಣಗದಿದ್ದರೆ ಆ ತಲೆನೋವು ಉಟ್ಟವರದ್ದಲ್ಲ, ಒಗೆದವರದ್ದು.

ಇದಕ್ಕೂ ಹಿಂದಿನ ದಾಖಲೆ ಕೌಟಿಲ್ಯನ ಅರ್ಥಶಾಸ್ತ್ರ. ಅದರ ತಾಳೆಗರಿ ಪ್ರತಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಅಗಸರಿಗೆ ನಿಯಮಗಳ ಒಂದು ಪಟ್ಟಿಯೇ ಇದೆ. ಮರದ ಹಲಗೆ ಅಥವಾ ನುಣುಪಾದ ಕಲ್ಲಿನ ಮೇಲೆ ಮಾತ್ರ ಒಗೆಯಬೇಕು. ಗಿರಾಕಿಯ ಬಟ್ಟೆಯನ್ನು ಮಾರಿದರೆ ಅಥವಾ ಬಾಡಿಗೆಗೆ ಕೊಟ್ಟರೆ 12 ಪಣ ದಂಡ. ಯಾವ ಥರದ ಬಟ್ಟೆಯನ್ನು ಎಷ್ಟು ರಾತ್ರಿಗಳೊಳಗೆ ವಾಪಸ್ ಕೊಡಬೇಕು ಅನ್ನೋದಕ್ಕೂ ಗಡುವು ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಎಸ್‌ಎಲ್‌ಎ!

ಈಗ ಮನೆಯೊಳಗೆ ಬರೋಣ. ಹಳೇ ಮೈಸೂರಿನ ಬ್ರಾಹ್ಮಣ ಮನೆಗಳಲ್ಲಿ ಸೂರಿನ ಹತ್ತಿರ ಹಗ್ಗದಲ್ಲಿ ತೂಗುಬಿಟ್ಟ ಬಿದಿರಿನ ಗಳ ಇರುತ್ತಿತ್ತು. ಒದ್ದೆ ಸೀರೆಯನ್ನು ಉದ್ದನೆಯ ಕೋಲಿನಿಂದ ಎತ್ತಿ, ಅದರ ಮೇಲೆ ಹರವಿ, ಸುಕ್ಕು ಬಿಡಿಸಬೇಕು. ಒಂಬತ್ತು ಗಜದ ಒದ್ದೆ ಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತೋದು ಅಂದ್ರೆ ಇವತ್ತಿನ ಜಿಮ್ ವರ್ಕೌಟ್. ಗಳ ಅಷ್ಟು ಎತ್ತರದಲ್ಲಿದ್ದದ್ದಕ್ಕೆ ಮುಖ್ಯ ಕಾರಣ, ಯಾರೂ ಮುಟ್ಟಬಾರದು ಅನ್ನೋದು. ಈ ಮಾತನ್ನು ಹೂವಿನಲ್ಲಿ ಸುತ್ತಿ ಹೇಳುವುದು ಬೇಡ. ಒಗೆದುಕೊಟ್ಟ ಅಗಸಗಿತ್ತಿಯೇ ಆಮೇಲೆ ಆ ಬಟ್ಟೆ ಮುಟ್ಟುವಂತಿರಲಿಲ್ಲ. ಅವರು ಒಗೆದು ತಂದದ್ದನ್ನು ಮತ್ತೊಮ್ಮೆ ನೀರಿನಲ್ಲಿ ಜಾಲಿಸಿ ಹಾಕುವ ಮನೆಗಳಿದ್ದವು. ಆದರೆ ಆ ಗಳ ಬಟ್ಟೆಯನ್ನು ಚೆನ್ನಾಗಿ ಒಣಗಿಸುತ್ತಿತ್ತು ಅನ್ನೋದೂ ನಿಜ. ಬಿಸಿ ಗಾಳಿ ಮೇಲೇರುತ್ತೆ, ಹೆಂಚಿನ ಸಂದಿಯಿಂದ ಆಚೆ ಹೋಗುತ್ತೆ. ಇಂಗ್ಲೆಂಡ್, ಸ್ಕಾಟ್ಲೆಂಡಿನ ಅಡುಗೆಮನೆಗಳಲ್ಲೂ 19ನೇ ಶತಮಾನದಲ್ಲಿ ರಾಟೆ ಹಗ್ಗದಿಂದ ಸೂರಿಗೆ ಎಳೆಯುವ ಮರದ ಚೌಕಟ್ಟು ಇತ್ತು. ಅಲ್ಲಿ ಮಡಿಯ ಪ್ರಶ್ನೆ ಇರಲಿಲ್ಲ, ಉಪಾಯ ಮಾತ್ರ ಅದೇ.

ಮಲೆನಾಡಿನ ಕಥೆ ಇನ್ನೂ ಕಠಿಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿನವರ ಮೊದಲ ಉಪಾಯ, ಬಟ್ಟೆ ನೆನೆಯದಂತೆ ನೋಡಿಕೊಳ್ಳೋದು. ಅದಕ್ಕೇ ಕಂಬಳಿಕೊಪ್ಪೆ, ಗೊರಬು. ಎರಡನೆಯದು ಬಚ್ಚಲುಮನೆಯ ಒಲೆ. ಸ್ನಾನದ ಹಂಡೆಯ ಕೆಳಗೆ ಹೇಗೂ ಬೆಂಕಿ ಇರುತ್ತೆ, ಅದರ ಮೇಲೆ ಗಳ ಕಟ್ಟಿ ಬಟ್ಟೆ ಹರವೋದು. ಬೇರೆ ಸೌದೆ ಬೇಡ, ಅದೇ ಬೆಂಕಿಗೆ ಎರಡು ಕೆಲಸ. ಇದರ ಬೆಲೆ ಹೊಗೆ. ಶಾಲೆಗೆ ಹೋಗುವ ಮಕ್ಕಳ ಯೂನಿಫಾರ್ಮಿಗೆ ಹೊಗೆ ವಾಸನೆ, ದಿನವಿಡೀ ಒಲೆ ಊದುವ ಹೆಂಗಸರ ಕಣ್ಣಿಗೆ, ಎದೆಗೆ ಅದೇ ಹೊಗೆ. ಹಳೆಯದೆಲ್ಲ ಪರಿಸರಸ್ನೇಹಿ, ಹಳೆಯದೆಲ್ಲ ಒಳ್ಳೆಯದು ಅನ್ನೋ ವಾಟ್ಸಾಪ್ ಸಂದೇಶಗಳು ಇದನ್ನು ಹೇಳುವುದಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ, ಎಲ್ಲ ಅರ್ಥವಾಗುತ್ತೆ. 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 25 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳುತ್ತೆ. ಮಳೆಗಾಲದಲ್ಲಿ ತೇವಾಂಶ ಶೇ. 90 ಇದ್ದರೆ ಉಳಿದ ಜಾಗ ಬರೀ ಎರಡೂವರೆ ಗ್ರಾಂ. ಹತ್ತು ಅಡಿ, ಹನ್ನೆರಡು ಅಡಿಯ ಬೆಡ್‌ರೂಮಿನಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇದೆ. ಅಂದ್ರೆ ಬಾಗಿಲು ಹಾಕಿದ ರೂಮು ಇನ್ನು 85 ಗ್ರಾಂ ನೀರಷ್ಟೇ ಕುಡಿಯಬಲ್ಲದು. ಐದು ಕೆಜಿ ಹತ್ತಿ ಬಟ್ಟೆಯಲ್ಲಿ ಸ್ಪಿನ್ ಆದ ಮೇಲೂ ಎರಡೂವರೆ ಲೀಟರಿನಷ್ಟು ನೀರು ಉಳಿದಿರುತ್ತೆ. ಹಾಗಾಗಿ ಮುಚ್ಚಿದ ರೂಮಿನಲ್ಲಿ ರಾತ್ರಿಯಿಡೀ ಫ್ಯಾನ್ ಹಾಕಿದರೆ ಒದ್ದೆ ಗಾಳಿಯೇ ಸುತ್ತುತ್ತೆ, ಗೋಡೆಗೆ ಬೂಷ್ಟು ಹಿಡಿಯುತ್ತೆ. ಅದೇ ಗಾಳಿಯನ್ನು 37 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ. 50ರ ಆಸುಪಾಸಿಗೆ ಇಳಿಯುತ್ತೆ. ಹಂಡೆ ಒಲೆ ಮಾಡ್ತಿದ್ದದ್ದು ಇದನ್ನೇ. ಜೊತೆಗೆ ಹೆಂಚಿನ ಮನೆ ಉಸಿರಾಡ್ತಿತ್ತು.

ನಗರಕ್ಕೆ ಬಂದ ಮೇಲೆ ಈ ಉಸಿರೇ ಕಟ್ಟಿತು. ಮುಂಬೈಯಲ್ಲಿ ಮಹಾಲಕ್ಷ್ಮಿಯ ಧೋಬಿ ಘಾಟ್ ಹುಟ್ಟಿದ್ದು 1890ರ ಸುಮಾರಿಗೆ. 1920ರ ದಶಕದಲ್ಲಿ ವರ್ಲಿ, ನಾಯ್ಗಾಂವ್ ಮುಂತಾದ ಕಡೆ ಕಾರ್ಮಿಕರಿಗಾಗಿ 207 ಬಿಡಿಡಿ ಚಾಳುಗಳು ಎದ್ದವು. ಒಂದೊಂದು ಕುಟುಂಬಕ್ಕೆ 160 ಚದರಡಿಯ ಒಂದೇ ಕೋಣೆ. ಅಡುಗೆ, ಮಲಗೋದು, ಬಟ್ಟೆ ಒಣಗಿಸೋದು ಎಲ್ಲ ಅದರಲ್ಲೇ. ಆದರೂ ಚಾಳಿನಲ್ಲಿ ಬಟ್ಟೆ ಕಾಣೋದು ನಾಚಿಕೆಯ ವಿಷಯ ಆಗಿರಲಿಲ್ಲ.

ಡ್ರೈಯರ್ ಚರಿತ್ರೆಯೂ ಒಲೆಯಿಂದಲೇ ಶುರು. 1892ರಲ್ಲಿ ಜಾರ್ಜ್ ಸ್ಯಾಂಪ್ಸನ್ ಎಂಬ ಕಪ್ಪು ಅಮೆರಿಕನ್ ಪೇಟೆಂಟ್ ಪಡೆದದ್ದು ಒಲೆಯ ಶಾಖದ ಹತ್ತಿರ ಬಟ್ಟೆ ನೇತುಹಾಕುವ ಚೌಕಟ್ಟಿಗೆ. ನಮ್ಮ ಬಚ್ಚಲುಮನೆ ಗಳದ ದಾಯಾದಿ ಅನ್ನಿ! ಆಮೇಲೆ ನಾರ್ತ್ ಡಕೋಟಾದ ರಾಸ್ ಮೂರ್, ಹಿಮದಲ್ಲಿ ಬಟ್ಟೆ ಹರವುವ ತಾಯಿಯ ಕಷ್ಟ ನೋಡಿ ಯಂತ್ರ ಕಟ್ಟಿದರು. 1938ರಲ್ಲಿ ಅದು ‘ಜೂನ್ ಡೇ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅವರ ಜೂನ್ ಅಂದ್ರೆ ಬಿಸಿಲು, ನಮ್ಮ ಜೂನ್ ಅಂದ್ರೆ ಮಳೆ. ಆ ದೇಶದಲ್ಲಿ ಡ್ರೈಯರ್ ಎಷ್ಟು ಹಬ್ಬಿತು ಅಂದ್ರೆ, ಬಟ್ಟೆ ಹಗ್ಗ ಬಡತನದ ಗುರುತಾಯ್ತು. ಎಷ್ಟೋ ಬಡಾವಣೆ ಸಂಘಗಳು ಅದನ್ನು ನಿಷೇಧಿಸಿದವು. ಕೊನೆಗೆ ಕ್ಯಾಲಿಫೋರ್ನಿಯಾ 2015ರಲ್ಲಿ, ಸ್ವಂತ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಕ್ಕಿಗಾಗಿಯೇ ಕಾನೂನು ಮಾಡಬೇಕಾಯ್ತು.

ಈಗ ಅದೇ ನೋಟಿಸು ನಮ್ಮ ಲಿಫ್ಟುಗಳಲ್ಲಿ ಅಂಟಿದೆ. ಬಾಲ್ಕನಿಯಲ್ಲಿ ಬಟ್ಟೆ ಹಾಕಬೇಡಿ, ಕಟ್ಟಡದ ಅಂದ ಕೆಡುತ್ತೆ. ನಾನಿರುವ ಪುಣೆಯ ಸೊಸೈಟಿಯಲ್ಲೂ ಇದೆ. ಅಂದಕ್ಕೆ ಕೊಡುವ ಬೆಲೆ ಎಷ್ಟು ನೋಡಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಕ್ತಿ ಬೇಕು. ಎರಡೂವರೆ ಲೀಟರಿಗೆ 1.7 ಯೂನಿಟ್, ಮಾಮೂಲಿ ಹೀಟರ್ ಡ್ರೈಯರಿನಲ್ಲಿ ಅದಕ್ಕಿಂತ ಜಾಸ್ತಿ. 75 ವಾಟಿನ ಫ್ಯಾನು ಎಂಟು ಗಂಟೆ ಓಡಿದರೆ 0.6 ಯೂನಿಟ್, ಹೊಸ ಬಿಎಲ್‌ಡಿಸಿ ಫ್ಯಾನಾದರೆ ಅದರ ಅರ್ಧಕ್ಕೂ ಕಡಿಮೆ. ಉಳಿದ ಶಕ್ತಿಯನ್ನು ಹೊರಗಿನ ಗಾಳಿ ಪುಕ್ಕಟೆ ಕೊಡುತ್ತೆ.

ಹಾಗಾದ್ರೆ ಏನು ಮಾಡೋದು? ಎರಡನೇ ಸಲ ಸ್ಪಿನ್ ಹಾಕಿ, ನೀರನ್ನು ಆವಿ ಮಾಡುವುದಕ್ಕಿಂತ ಹಿಂಡುವುದು ಬಹಳ ಅಗ್ಗ. ಬಟ್ಟೆಗಳ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಸ್ಟ್ಯಾಂಡನ್ನು ಗೋಡೆಗೆ ಒತ್ತದೆ ಫ್ಯಾನಿನ ಕೆಳಗಿಡಿ, ಒಂದು ಕಡೆ ಕಿಟಕಿ ತೆರೆದು ಇನ್ನೊಂದು ಕಡೆ ಎಕ್ಸಾಸ್ಟ್ ಹಾಕಿ. ಬೇಗ ಒಣಗಿಸೋದು ಮುಖ್ಯ. ಬಟ್ಟೆ ಹೆಚ್ಚು ಹೊತ್ತು ಒದ್ದೆ ಇದ್ದಾಗ ಬೆಳೆಯುವ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾವೇ ಆ ಮುಗ್ಗಲು ವಾಸನೆಗೆ ಕಾರಣ ಅಂತ ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಸೂರಿಗೆ ರಾಟೆ ಹಾಕಿ ಎಳೆಯುವ ಹ್ಯಾಂಗರ್ ಈಗ ಎಲ್ಲ ಕಡೆ ಸಿಗುತ್ತೆ. ಅದು ಮೈಲಿಗೆಯ ಭಾರ ಕಳಚಿಕೊಂಡ ಅದೇ ಗಳ. ಕೋಲು ಹಿಡಿದು ಎತ್ತುವ ಕಷ್ಟವೂ ಇಲ್ಲ, ಮನೆಯ ಗಂಡಸರೂ ಧಾರಾಳವಾಗಿ ಎಳೆಯಬಹುದು!

ಮುಂದಿನ ಸಲ ಬಾಡಿಗೆಗೆ ಫ್ಲ್ಯಾಟ್ ನೋಡಲು ಹೋದಾಗ ಮಾಡ್ಯುಲರ್ ಕಿಚನ್ ನೋಡಿದ ಮೇಲೆ ಇದನ್ನೂ ಕೇಳಿ: “ಜುಲೈನಲ್ಲಿ ಇಲ್ಲಿ ಬಟ್ಟೆ ಎಲ್ಲಿ ಒಣಗುತ್ತೆ?” ಸೊಸೈಟಿ ಮೀಟಿಂಗಿನಲ್ಲೂ ಕೇಳಿ. ಹಗ್ಗ ಕಟ್ಟಲು ಗಾಳಿಯಾಡುವ ಜಾಗ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.