ಉತ್ಪರಿವರ್ತನೆಯಿಂದ ಧಾನ್ಯಗಳ ಪೌಷ್ಟಿಕ ಗುಣಮಟ್ಟದ ಸುಧಾರಣೆ : ಗುಣಮಟ್ಟದ ಪ್ರೊಟೀನ್‌ಯುಕ್ತ ಮುಸುಕಿನ ಜೋಳ

ಪೀಠಿಕೆ

ಸಸ್ಯದ ವಂಶವಾಹಿಯಲ್ಲಿ ಉಂಟಾಗಿ ಮುಂದಿನ ಪೀಳಿಗೆಗಳಿಗೂ ಸಾಗುವ ಬದಲಾವಣೆಯನ್ನು ಉತ್ಪರಿವರ್ತನೆ ಎನ್ನಲಾಗುತ್ತದೆ. ಇದು ನಿಸರ್ಗದಲ್ಲಿ ತಾನಾಗಿಯೇ ಸಂಭವಿಸಬಹುದು ಅಥವಾ ವಿಕಿರಣ ಹಾಗೂ ರಾಸಾಯನಿಕಗಳ ಮೂಲಕ ಉಂಟುಮಾಡಬಹುದು. ಧಾನ್ಯಗಳ ಪೌಷ್ಟಿಕತೆಯ ಸುಧಾರಣೆಯಲ್ಲಿ ಇದರ ಪ್ರಮುಖ ನಿದರ್ಶನ ಮುಸುಕಿನ ಜೋಳದ ‘ಓಪೇಕ್-2’ ಆಗಿದೆ.

ಸಾಮಾನ್ಯ ಮುಸುಕಿನ ಜೋಳದ ಕೊರತೆ

ಈ ಧಾನ್ಯದ ಪ್ರೊಟೀನಿನಲ್ಲಿ ಝೀನ್ ಎಂಬ ಅಂಶವೇ ಅಧಿಕ. ಝೀನ್‌ನಲ್ಲಿ ಲೈಸಿನ್ ಮತ್ತು ಟ್ರಿಪ್ಟೊಫಾನ್ ಎಂಬ ಅವಶ್ಯಕ ಅಮೈನೋ ಆಮ್ಲಗಳು ಇಲ್ಲವೆನ್ನುವಷ್ಟು ಕಡಿಮೆ. ಇವುಗಳನ್ನು ಮಾನವ ಶರೀರವು ತಯಾರಿಸಿಕೊಳ್ಳಲಾರದು. ಆದ್ದರಿಂದ ಬೇಳೆ, ಹಾಲು ದೊರೆಯದೆ ಈ ಧಾನ್ಯವನ್ನೇ ಅವಲಂಬಿಸಿದ ಕುಟುಂಬಗಳ ಮಕ್ಕಳು ಹೊಟ್ಟೆ ತುಂಬ ಉಂಡರೂ ಅವರ ಬೆಳವಣಿಗೆ ಕುಂಠಿತಗೊಳ್ಳುವ ಸಂಭವವಿರುತ್ತದೆ.

ಸಂಶೋಧನೆ

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವಿನ್ ಮೆರ್ಟ್ಜ್, ಲಿನ್ ಬೇಟ್ಸ್ ಹಾಗೂ ಆಲಿವರ್ ನೆಲ್ಸನ್ ಅವರು ಓಪೇಕ್-2 ಕಾಳುಗಳಲ್ಲಿ ಲೈಸಿನ್ ಅಧಿಕವಾಗಿರುವುದನ್ನು 1964ರಲ್ಲಿ ಪ್ರಕಟಿಸಿದರು. ಈ ಉತ್ಪರಿವರ್ತನೆಯು ಝೀನ್ ಉತ್ಪಾದನೆಯನ್ನು ತಗ್ಗಿಸುವುದರಿಂದ ಇತರೆ ಪ್ರೊಟೀನುಗಳ ಪಾಲು ಹೆಚ್ಚುತ್ತದೆ. ಪ್ರೊಟೀನಿನಲ್ಲಿ ಸುಮಾರು ಶೇ. 2ರಷ್ಟಿದ್ದ ಲೈಸಿನ್ ಸುಮಾರು ಶೇ. 4ಕ್ಕೆ ಏರುತ್ತದೆ. ಒಟ್ಟು ಪ್ರೊಟೀನಿನ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಸುಧಾರಿಸುವುದು ಅದರ ಗುಣಮಟ್ಟ.

ಎದುರಾದ ಅಡಚಣೆಗಳು

ಭಾರತದಲ್ಲಿ 1971ರಲ್ಲಿ ಶಕ್ತಿ, ರತನ್ ಮತ್ತು ಪ್ರೋಟೀನಾ ಎಂಬ ಓಪೇಕ್-2 ತಳಿಗಳನ್ನು ಬಿಡುಗಡೆ ಮಾಡಲಾಯಿತು. ಆದರೆ ಈ ಬಗೆಯ ಕಾಳು ಮೆದುವಾಗಿ, ಸುಣ್ಣದಂತೆ ಮಂಕಾಗಿದ್ದು, ಇಳುವರಿ ಕಡಿಮೆ ಹಾಗೂ ಕೀಟಬಾಧೆ ಹೆಚ್ಚು. ಈ ಕಾರಣಗಳಿಂದ ಇವು ರೈತರಲ್ಲಿ ಜನಪ್ರಿಯವಾಗಲಿಲ್ಲ.

ಮೆಕ್ಸಿಕೋದ ಅಂತರರಾಷ್ಟ್ರೀಯ ಮುಸುಕಿನ ಜೋಳ ಮತ್ತು ಗೋಧಿ ಸುಧಾರಣಾ ಕೇಂದ್ರದಲ್ಲಿ ಸುರಿಂದರ್ ವಾಸಲ್ ಹಾಗೂ ಇವಾಂಜಲಿನಾ ವಿಲ್ಲೆಗಾಸ್ ಅವರು ಸಾಂಪ್ರದಾಯಿಕ ಸಂಕರಣದಿಂದಲೇ ಗಟ್ಟಿ ಕಾಳಿನ ತಳಿಗಳನ್ನು ರೂಪಿಸಿದರು. ಇವರಿಗೆ 2000ನೇ ಸಾಲಿನ ವಿಶ್ವ ಆಹಾರ ಪ್ರಶಸ್ತಿ ಲಭಿಸಿತು. ಅನ್ಯ ಜೀವಿಯ ವಂಶವಾಹಿಯನ್ನು ಸೇರಿಸದ ಕಾರಣ ಇವು ಕುಲಾಂತರಿ ತಳಿಗಳಲ್ಲ. ಅನಂತರ ಭಾರತದಲ್ಲಿ ಹೆಚ್‌ಕ್ಯೂಪಿಎಂ-1, ವಿವೇಕ್ ಕ್ಯೂಪಿಎಂ-9 ಮುಂತಾದ ಸಂಕರಣ ತಳಿಗಳು ಬಿಡುಗಡೆಯಾದವು.

ಬೆಳೆಗಾರರು ಗಮನಿಸಬೇಕಾದ ಅಂಶಗಳು

1. ಓಪೇಕ್-2 ಅಪ್ರಬಲ ಗುಣವಾಗಿದೆ. ಪಕ್ಕದ ಹೊಲದ ಸಾಮಾನ್ಯ ತಳಿಯ ಪರಾಗ ತಗುಲಿದ ಕಾಳುಗಳಲ್ಲಿ ಅದೇ ಹಂಗಾಮಿನಲ್ಲಿ ಗುಣಮಟ್ಟ ಕುಸಿಯುತ್ತದೆ. ಆದ್ದರಿಂದ ಅಂತರ ಕಾಯ್ದುಕೊಳ್ಳುವುದು ಅಥವಾ ಹೂ ಬಿಡುವ ಕಾಲ ಬೇರೆಯಾಗುವಂತೆ ಬಿತ್ತುವುದು ಸೂಕ್ತ.
2. ಸಂಕರಣ ಬೀಜವನ್ನು ಪ್ರತಿ ಬಾರಿಯೂ ಹೊಸದಾಗಿ ಖರೀದಿಸತಕ್ಕದ್ದು.
3. ಗಟ್ಟಿ ಕಾಳಿನ ಈ ತಳಿಗಳನ್ನು ಹೊರನೋಟದಿಂದ ಗುರುತಿಸುವುದು ಕಷ್ಟ. ಪ್ರಯೋಗಾಲಯದ ಪರೀಕ್ಷೆ ಅಗತ್ಯ. ಮಾರುಕಟ್ಟೆಯಲ್ಲಿ ಸಾಮಾನ್ಯ ಕಾಳಿನೊಂದಿಗೆ ಬೆರೆತಲ್ಲಿ ಬೆಳೆಗಾರರಿಗೆ ಹೆಚ್ಚಿನ ಬೆಲೆ ದೊರೆಯುವುದಿಲ್ಲ. ಆದುದರಿಂದ ಪ್ರತ್ಯೇಕ ದಾಸ್ತಾನು ಹಾಗೂ ಖರೀದಿದಾರರೊಂದಿಗೆ ಮುಂಗಡ ಒಪ್ಪಂದ ಅಪೇಕ್ಷಣೀಯ.

ಉಪಯೋಗ

ಕರ್ನಾಟಕದ ದಾವಣಗೆರೆ, ಹಾವೇರಿ ಮೊದಲಾದ ಜಿಲ್ಲೆಗಳಲ್ಲಿ ಮುಸುಕಿನ ಜೋಳವು ಪ್ರಮುಖ ಬೆಳೆಯಾಗಿದ್ದು, ಕೋಳಿ ಆಹಾರಕ್ಕೆ ಇದರ ಬೇಡಿಕೆ ಅಧಿಕ. ಕೋಳಿಗಳಿಗೂ ಲೈಸಿನ್ ಅವಶ್ಯಕವಾದ್ದರಿಂದ ಈ ತಳಿಗಳ ಪ್ರಯೋಜನ ಮನುಷ್ಯರ ಆಹಾರಕ್ಕಷ್ಟೇ ಸೀಮಿತವಲ್ಲ. ಆದಾಗ್ಯೂ ಇವು ಬೇಳೆಕಾಳು, ಹಾಲು, ಮೊಟ್ಟೆಗಳಿಗೆ ಪರ್ಯಾಯವಲ್ಲ, ಪೂರಕ ಮಾತ್ರ.