ಗಾಯಕರ ಹೆಬ್ಬೆರಳು, ಮೈಕಿನ ಗುಂಡಿ

ಗಣೇಶನ ಪೆಂಡಾಲಿನ ಪಕ್ಕದ ವೇದಿಕೆ. ನಿರೂಪಕರು ಹೆಸರು ಕೂಗಿದ್ದಾರೆ. ತಿಂಗಳಿನಿಂದ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದ ಗೃಹಿಣಿಯೊಬ್ಬರು ಎಡಗೈಯಲ್ಲಿ ಮೊಬೈಲ್, ಬಲಗೈಯಲ್ಲಿ ಕಾರ್ಡ್‌ಲೆಸ್ ಮೈಕು ಹಿಡಿದು ನಿಂತಿದ್ದಾರೆ. ಟ್ರ್ಯಾಕ್ ಶುರುವಾಗುತ್ತದೆ. ಪಿಟೀಲು, ಕೊಳಲು, ತಬಲಾ ಎಲ್ಲವೂ ಚೆನ್ನಾಗಿ ಕೇಳುತ್ತವೆ. ಪಲ್ಲವಿಯ ಜಾಗ ಬರುತ್ತದೆ. ತುಟಿ ಆಡುತ್ತದೆ, ದನಿ ಮಾತ್ರ ಇಲ್ಲ. ಹಿಂದಿನ ಸಾಲಿನಿಂದ ‘ಮೈಕ್ ಆನ್ ಮಾಡಮ್ಮಾ’ ಎಂಬ ಕೂಗು. ಅವರು ಗುಂಡಿ ಹುಡುಕುವಷ್ಟರಲ್ಲಿ ಪಲ್ಲವಿ ಮುಗಿದು ಹಾಡು ಮುಂದೆ ಹೋಗಿರುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎನ್ನದೆ ಇಂದು ಕರೋಕೆ ಕಾರ್ಯಕ್ರಮ ನಡೆಯುವ ಯಾವ ಊರಿನಲ್ಲಾದರೂ ಕಾಣಬಹುದಾದ ದೃಶ್ಯವಿದು. ಮೈಕು ಕೆಟ್ಟಿರುವುದಿಲ್ಲ, ಕರೆಂಟೂ ಹೋಗಿರುವುದಿಲ್ಲ. ಹಾಡುವವರ ಹೆಬ್ಬೆರಳೇ ಅವರಿಗೆ ತಿಳಿಯದಂತೆ ಮೈಕನ್ನು ಆರಿಸಿರುತ್ತದೆ. ಚಿಕ್ಕ ತೊಂದರೆಯಂತೆ ಕಾಣುವ ಇದರ ಹಿಂದೆ ಸುಮಾರು ನೂರು ವರ್ಷಗಳ ಕಥೆಯಿದೆ. ಹಾಡುವ ದನಿಯ ಹತೋಟಿ ಯಾರ ಕೈಯಲ್ಲಿರಬೇಕು ಎಂಬುದೇ ಆ ಕಥೆಯ ತಿರುಳು.

ಎದೆಯ ದನಿಯ ಕಾಲ

ಮೈಕು ಬರುವ ಮೊದಲು ರಂಗದ ಮೇಲೆ ಹಾಡುವವರಿಗೆ ಕಂಠವೇ ಬಂಡವಾಳ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಮೆರೆದ ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಕಂಪನಿ ಮೊದಲಾದವುಗಳಲ್ಲಿ ನಟನಿಗೆ ಹಾಡು ಬರಲೇಬೇಕಿತ್ತು. ಅದೂ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೆ ಕೇಳುವಂತೆ ಹಾಡಬೇಕಿತ್ತು. ಮೇಲಿನ ಸ್ಥಾಯಿಯಲ್ಲಿ ನಿಲ್ಲಬಲ್ಲ ಗಟ್ಟಿ ಕಂಠವಿದ್ದವರೇ ನಾಯಕರು.

ಆ ರಂಗಭೂಮಿಯ ನೆರಳು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಲಿತು, ತಾವೇ ದುಡ್ಡು ಹಾಕಿ, ಸೀನರಿ ಬಾಡಿಗೆಗೆ ತಂದು ‘ಕುರುಕ್ಷೇತ್ರ’ ಆಡುವ ರೈತರು, ನೌಕರರು ಇಲ್ಲಿ ಬೇಕಾದಷ್ಟು ಮಂದಿ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಪೈಪೋಟಿ ನಡೆಯುವುದೂ ಉಂಟು. ಪಾತ್ರ ಕೊಡುವಾಗ ಈಗಲೂ ಮೇಷ್ಟ್ರು ಕೇಳುವ ಮೊದಲ ಪ್ರಶ್ನೆ ಕಂಠ ಹೇಗಿದೆ ಎಂಬುದೇ.

ಆದರೆ ಎಲ್ಲ ಹಾಡುಗಾರರಿಗೂ ಅಂಥ ಕಂಠ ಇರುವುದಿಲ್ಲ. ಬೀಸುಕಲ್ಲಿನ ಮುಂದೆ, ಮದುವೆ ಮನೆಯ ಹಸೆಯ ಬಳಿ ಹೆಂಗಸರು ಹೇಳುತ್ತಿದ್ದ ಸೋಬಾನೆ ಪದಗಳು ನಡುಮನೆಯ ಅಳತೆಯವು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು (1915–2005) ಜನಪದ ಗೀತೆಗಳನ್ನು ಸಂಗ್ರಹಿಸಿ, 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿದರು. ಅಂಥ ಪದಗಳ ಭಂಡಾರವನ್ನು ನೆನಪಿನಲ್ಲಿಟ್ಟುಕೊಂಡವರ ದನಿ ಒಂದು ಕಾಲಕ್ಕೆ ಮನೆಯ ಹೊಸ್ತಿಲು ದಾಟಿದ್ದೇ ಕಡಿಮೆ.

ಮೈಕು ಬಂತು

ಮಾತನ್ನು ವಿದ್ಯುತ್ತಾಗಿ ಮಾರ್ಪಡಿಸುವ ಇಂಗಾಲದ ಮೈಕ್ರೊಫೋನು 1870ರ ದಶಕದ ಕೊನೆಯಲ್ಲಿ ಟೆಲಿಫೋನಿನ ಸಲುವಾಗಿ ರೂಪುಗೊಂಡಿತು. ಅದರ ದನಿಯನ್ನು ಜನಸಮೂಹಕ್ಕೆ ಮುಟ್ಟಿಸಲು ಧ್ವನಿವರ್ಧಕ ಬೇಕಿತ್ತು. ಅಮೆರಿಕದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಂ 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ತಮ್ಮ ಧ್ವನಿವರ್ಧಕವನ್ನು ಜನರ ಮುಂದೆ ಇಟ್ಟರು. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅದರ ಮೂಲಕ ಸ್ಯಾನ್ ಡಿಯಾಗೊದಲ್ಲಿ ಭಾರಿ ಸಭೆಯನ್ನು ಉದ್ದೇಶಿಸಿ ಮಾತನಾಡಿದರು. ಅಂದರೆ ಧ್ವನಿವರ್ಧಕ ಮೊದಲು ಹೆಸರು ಮಾಡಿದ್ದು ಭಾಷಣಕ್ಕಾಗಿ. ಮುಂದೆ ಮೈಕಿಗೆ ಗುಂಡಿ ಬಂದದ್ದರ ಹಿಂದಿನ ಅಗತ್ಯವೂ ಇದೇ ಬಗೆಯದು.

ಮಂಡ್ಯ ಸೀಮೆಗೆ ವಿದ್ಯುತ್ತು ಹೊಸದೇನಲ್ಲ. ಇಂದು ಇದೇ ಜಿಲ್ಲೆಗೆ ಸೇರಿರುವ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸುತ್ತಲ ಹಳ್ಳಿಗಳಿಗೆ ದೀಪ ಬರಲು ಮಾತ್ರ ಬಹಳ ವರ್ಷಗಳು ಬೇಕಾದವು. ಹಾಗಾಗಿ ಊರಿಗೆ ಕರೆಂಟು ಬರುವ ಮೊದಲೇ ಜಾತ್ರೆ, ಮದುವೆ, ಚುನಾವಣೆಗಳ ಜೊತೆ ಬ್ಯಾಟರಿಯ ಮೈಕ್‌ಸೆಟ್ ಬಂದ ಊರುಗಳುಂಟು. ಮರಕ್ಕೆ ಕಟ್ಟಿದ ಹಾರ್ನು, ಎದುರಿಗೊಂದು ಸ್ಟ್ಯಾಂಡ್ ಮೈಕು ಇಷ್ಟಿದ್ದರೆ ಸಭೆ ನಡೆಯುತ್ತಿತ್ತು. ದೆಹಲಿಯಲ್ಲಿ 1940ರಲ್ಲಿ ಶುರುವಾದ ಅಹೂಜಾ ಕಂಪನಿಯ ಆಂಪ್ಲಿಫೈಯರುಗಳು ಮುಂದೆ ದೇಶದ ಮೂಲೆ ಮೂಲೆಗೂ ಹೋದವು.

ನಾಟಕದಲ್ಲಿ ಮೈಕನ್ನು ಮೇಲಿನಿಂದ ನೇತುಹಾಕುವುದು ರೂಢಿಯಾಯಿತು. ದುರ್ಯೋಧನ ಸಿಂಹಾಸನದಿಂದ ಎದ್ದು ಬಂದು ಮೈಕಿನ ಕೆಳಗೆ ನಿಂತೇ ಕಂದ ಹೇಳುತ್ತಾನೆ ಎಂದು ನಗೆಯಾಡುವವರಿದ್ದಾರೆ. ಆದರೆ ಆ ಪದ್ಧತಿಯಲ್ಲಿ ಒಂದು ಅನುಕೂಲವಿತ್ತು. ಮೈಕು ನಟನ ಕೈಗೆ ಎಟುಕುತ್ತಿರಲಿಲ್ಲ. ಆರಿಸುವುದು, ಹೊತ್ತಿಸುವುದು, ಏರಿಸುವುದು, ಇಳಿಸುವುದು ಎಲ್ಲವೂ ಪಕ್ಕದಲ್ಲಿ ಕೂತ ಮೈಕ್‌ಸೆಟ್‌ನವರ ಕೆಲಸ.

ರೇಡಿಯೊದಲ್ಲಿಯೂ ಇದೇ ನಿಯಮ. ಶ್ರೀರಂಗಪಟ್ಟಣಕ್ಕೆ ಹತ್ತಿರದ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ್ದು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬೆಳೆದದ್ದು ಕನ್ನಡಿಗರಿಗೆ ಗೊತ್ತೇ ಇದೆ. ಬಾನುಲಿಯ ಸ್ಟುಡಿಯೊದಲ್ಲಿ ಹಾಡುವವರು ಮೈಕಿನ ಮುಂದೆ ಕೂರುತ್ತಾರೆ, ಅದನ್ನು ಮುಟ್ಟುವುದಿಲ್ಲ. ಹತೋಟಿ ಗಾಜಿನಾಚೆಯ ಕೋಣೆಯಲ್ಲಿರುತ್ತದೆ.

ಮೈಕಿನಿಂದ ಆದ ದೊಡ್ಡ ಬದಲಾವಣೆಯೆಂದರೆ ಮೆಲುದನಿಗೂ ವೇದಿಕೆ ಸಿಕ್ಕಿದ್ದು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ (1915–2003) ಅವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಹೊರಬಂತು. ಗಂಡ ಹೆಂಡತಿಯರ ನಡುವಿನ ಆ ಮೆಲುಮಾತಿನ ಕವಿತೆಗಳನ್ನು ಕಂಪನಿ ನಾಟಕದ ಕಂಠದಲ್ಲಿ ಕೂಗಿ ಹಾಡಿದರೆ ಅವುಗಳ ಸೊಗಸು ಉಳಿಯದು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಭಾವಗೀತೆಯನ್ನು ಸಾವಿರಾರು ಜನರ ಮುಂದೆ ಹಾಡಿ ಗೆದ್ದದ್ದರಲ್ಲಿ ಅವರ ಪ್ರತಿಭೆಯ ಜೊತೆಗೆ ಮೈಕಿನ ಪಾಲೂ ಇದೆ.

ಕೈಗೆ ಬಂದ ಮೈಕು

ಆರಂಭದ ಮೈಕುಗಳು ತೂಕದವು. ಅವು ಸ್ಟ್ಯಾಂಡಿನ ಮೇಲೆಯೇ ಕೂರಬೇಕು. ಅಮೆರಿಕದ ಶೂರ್ ಕಂಪನಿ 1959ರಲ್ಲಿ ತಂದ 545 ಎಂಬ ತೆಳ್ಳನೆಯ ಮಾದರಿಯನ್ನು ಕೈಯಲ್ಲಿ ಹಿಡಿದು, ಅದರ ತುದಿಗೆ ಬಾಯಿಟ್ಟು ಹಾಡಬಹುದಿತ್ತು. ಗಾಯಕರು ವೇದಿಕೆಯ ಮೇಲೆ ಓಡಾಡತೊಡಗಿದರು. ಮೈಕಿನ ಜೊತೆಗೆ ಅದರ ಗುಂಡಿಯೂ ಅವರ ಕೈಗೆ ಬಂತು.

1966ರಲ್ಲಿ ಅದೇ ಕಂಪನಿ ಎಸ್‌ಎಂ 58 ಎಂಬ ಮಾದರಿಯನ್ನು ಹೊರತಂದಿತು. ಇಂದು ಪ್ರಪಂಚದ ವೇದಿಕೆಗಳಲ್ಲೆಲ್ಲ ಕಾಣುವ, ಲಾಡಿನಂಥ ಜಾಲರಿ ತಲೆಯ ಮೈಕು ಇದೇ. ‘ಎಸ್‌ಎಂ’ ಎಂದರೆ ಸ್ಟುಡಿಯೊ ಮೈಕ್ರೊಫೋನ್. ಸ್ಟುಡಿಯೊದಲ್ಲಿ ಹತೋಟಿ ತಂತ್ರಜ್ಞರದ್ದಾದ್ದರಿಂದ ಅದಕ್ಕೆ ಗುಂಡಿಯನ್ನೇ ಇಡಲಿಲ್ಲ. ಮುಂದೆ ಅದು ಹೆಸರು ಮಾಡಿದ್ದು ಮಾತ್ರ ಸ್ಟುಡಿಯೊದ ಹೊರಗೆ, ಹಾಡುಗಾರರ ಕೈಯಲ್ಲಿ. ಗುಂಡಿ ಬೇಕೆನ್ನುವವರಿಗಾಗಿ ಇನ್ನೊಂದು ಮಾದರಿಯನ್ನು ಬೇರೆಯಾಗಿ ಮಾರುತ್ತಾರೆ.

ಹಾಗಾದರೆ ಗುಂಡಿ ಯಾರಿಗೆ ಬೇಕು? ಭಾಷಣ ಮಾಡುವವರಿಗೆ, ಪಾಠ ಹೇಳುವವರಿಗೆ, ಮಂತ್ರ ಹೇಳುವ ಪುರೋಹಿತರಿಗೆ. ನಡುವೆ ಕೆಮ್ಮು ಬರುತ್ತದೆ, ಪಕ್ಕದವರೊಡನೆ ಒಂದು ಮಾತು ಆಡಬೇಕಾಗುತ್ತದೆ. ಆ ಮಾತು ಊರಿಗೆಲ್ಲ ಕೇಳಬಾರದು. ಹಾಡುವವರಿಗೆ ಹಾಡಿನ ನಡುವೆ ಮೈಕು ಆರಿಸುವ ಪ್ರಸಂಗವೇ ಬರುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಸಂಜೆ ಸಭಾ ಕಾರ್ಯಕ್ರಮಕ್ಕೂ ರಾತ್ರಿ ಹಾಡಿಗೂ ಬಹುಮಟ್ಟಿಗೆ ಅದೇ ಮೈಕು. ತೊಡಕಿನ ಮೂಲ ಇಲ್ಲಿದೆ.

ಕಾಯದ ವಾದ್ಯವೃಂದ

ರಸಮಂಜರಿ ಎಂದು ಕರೆಯುವ ವಾದ್ಯಗೋಷ್ಠಿಗಳ ಕಾಲದಲ್ಲಿಯೂ ಮೈಕು ಕೈಕೊಡುತ್ತಿತ್ತು. ಆದರೆ ಆಗ ಜೊತೆಗೆ ಮನುಷ್ಯರಿರುತ್ತಿದ್ದರು. ದನಿ ಬರಲಿಲ್ಲವೆಂದರೆ ಕೀಬೋರ್ಡ್ ನುಡಿಸುವವರು ಅದೇ ಸಾಲನ್ನು ಇನ್ನೊಮ್ಮೆ ಸುತ್ತುತ್ತಿದ್ದರು, ತಬಲಾದವರು ತಾಳ ಹಿಡಿದು ಕಾಯುತ್ತಿದ್ದರು. ನಾಟಕದ ಹಾರ್ಮೋನಿಯಂ ಮೇಷ್ಟ್ರಂತೂ ಪಾತ್ರಧಾರಿ ಎಲ್ಲಿ ತಪ್ಪಿದರೂ ಅಲ್ಲಿಂದಲೇ ಎತ್ತಿಕೊಳ್ಳಬಲ್ಲವರು.

ಕರೋಕೆ ಹಾಗಲ್ಲ. ಜಪಾನಿ ಭಾಷೆಯಲ್ಲಿ ಈ ಮಾತಿಗೆ ‘ಬರಿದಾದ ವಾದ್ಯವೃಂದ’ ಎಂದರ್ಥ. ಕೋಬೆ ನಗರದ ವಾದ್ಯಗಾರ ಡೈಸುಕೆ ಇನೊವೆ 1971ರಲ್ಲಿ ನಾಣ್ಯ ಹಾಕಿದರೆ ಹಿನ್ನೆಲೆ ಸಂಗೀತ ನುಡಿಸುವ ಪೆಟ್ಟಿಗೆ ಮಾಡಿಸಿ ಬಾಡಿಗೆಗೆ ಬಿಟ್ಟರು. ಅದಕ್ಕೂ ಮೊದಲು 1967ರಲ್ಲಿ ಶಿಗೆಇಚಿ ನೆಗಿಶಿ ಎಂಬುವರು ಟೋಕಿಯೊದಲ್ಲಿ ಇಂಥದೇ ಯಂತ್ರ ತಯಾರಿಸಿದ್ದರು. ಅಲ್ಲಿಂದ ಕ್ಯಾಸೆಟ್, ಸಿ.ಡಿ.ಗಳ ಮೂಲಕ ಸಾಗಿ ಈಗ ಟ್ರ್ಯಾಕ್ ಮೊಬೈಲಿನೊಳಗೇ ಸಿಗುತ್ತದೆ. ವಾದ್ಯಗಾರರ ತಂಡ ಕರೆಸುವ ಖರ್ಚಿಲ್ಲ. ಒಂದು ಲ್ಯಾಪ್‌ಟಾಪ್, ಎರಡು ಸ್ಪೀಕರ್, ಎರಡು ಮೈಕಿದ್ದರೆ ನಿವೃತ್ತ ಶಿಕ್ಷಕರು, ಬಸ್ ಕಂಡಕ್ಟರು, ಅಂಗಡಿಯವರು, ಗೃಹಿಣಿಯರು ಡಾ. ರಾಜ್‌ಕುಮಾರರ ಹಾಡನ್ನು ವೇದಿಕೆಯ ಮೇಲೆ ಹಾಡಬಹುದು.

ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಐದು ಸೆಕೆಂಡು ದನಿ ಹೋದರೆ ಒಂದು ಸಾಲು ಹೋದಂತೆಯೇ. ಅನುಭವಸ್ಥ ಗಾಯಕರು ನಕ್ಕು ಮುಂದುವರಿಯುತ್ತಾರೆ. ಮೊದಲ ಸಲ ವೇದಿಕೆ ಹತ್ತಿದವರು ಕಂಗೆಡುತ್ತಾರೆ. ಮತ್ತೆ ಹತ್ತದೆಯೂ ಇರಬಹುದು.

ಬೆರಳು ತಪ್ಪುವುದೇಕೆ?

ಮೊದಲ ಕಾರಣ ಮೊಬೈಲು. ಒಂದು ಕೈಯಲ್ಲಿ ಸಾಹಿತ್ಯ ನೋಡಿಕೊಳ್ಳುವವರು ಇನ್ನೊಂದು ಕೈಯಲ್ಲೇ ಮೈಕನ್ನು ಹಿಡಿಯಬೇಕು, ತಿರುಗಿಸಬೇಕು, ಹತ್ತಿರ ದೂರ ಮಾಡಬೇಕು. ಹೆಬ್ಬೆರಳು ಸಹಜವಾಗಿಯೇ ಗುಂಡಿಯ ಮೇಲೆ ಹೋಗುತ್ತದೆ. ಎರಡನೆಯದು ಕೈ ಬದಲಾವಣೆ. ಯುಗಳಗೀತೆಯಲ್ಲಿ ಒಂದೇ ಮೈಕನ್ನು ಇಬ್ಬರು ಹಂಚಿಕೊಂಡಾಗ, ಹಾಡು ಮುಗಿಸಿದವರು ಸೆಲ್ ಉಳಿಯಲೆಂದು ಆರಿಸಿ ಮುಂದಿನವರಿಗೆ ಕೊಟ್ಟಾಗ ಎಡವಟ್ಟಾಗುತ್ತದೆ. ಮೂರನೆಯದು ಹೆದರಿಕೆ. ಜಾಲರಿಯನ್ನು ಅಂಗೈಯಿಂದ ಮುಚ್ಚಿದರೆ, ಸ್ಪೀಕರಿನ ಮುಂದೆ ನಿಂತರೆ ಕುಯ್ಯೆಂಬ ಸದ್ದು ಏಳುತ್ತದೆ. ಗಾಬರಿಯಾದವರ ಕೈ ಕೂಡಲೇ ಗುಂಡಿ ಒತ್ತುತ್ತದೆ.

ವೈರಿನ ಮೈಕಿನಲ್ಲಿ ಗುಂಡಿಯನ್ನು ಮತ್ತೆ ಸರಿಸಿದೊಡನೆ ದನಿ ಬರುತ್ತದೆ. ಹಲವು ಕಾರ್ಡ್‌ಲೆಸ್ ಮೈಕುಗಳಲ್ಲಿ ಗುಂಡಿ ಒತ್ತಿದರೆ ಒಳಗಿನ ಪುಟ್ಟ ಪ್ರಸಾರ ಯಂತ್ರವೇ ನಿಂತುಹೋಗುತ್ತದೆ. ಮತ್ತೆ ಗುಂಡಿಯನ್ನು ಒತ್ತಿ ಹಿಡಿಯಬೇಕು, ಅದು ರಿಸೀವರಿನೊಡನೆ ಕೂಡಿಕೊಳ್ಳುವವರೆಗೆ ಕಾಯಬೇಕು.

ಪರಿಹಾರ ದುಬಾರಿಯೇನಲ್ಲ. ಭಾಷಣಗಳು ಮುಗಿದ ಮೇಲೆ ಗುಂಡಿಯನ್ನು ‘ಆನ್’ ಸ್ಥಿತಿಯಲ್ಲಿಟ್ಟು ಅದರ ಮೇಲೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿದರೆ ಅರ್ಧ ಸಮಸ್ಯೆ ತೀರಿತು. ಕೆಲವು ಮಾದರಿಗಳಲ್ಲಿ ಗುಂಡಿಗೆ ಬೀಗ ಹಾಕುವ ಏರ್ಪಾಡು ಇರುತ್ತದೆ, ಸೌಂಡ್‌ನವರು ಅದನ್ನು ಬಳಸಬೇಕು ಅಷ್ಟೆ. ಹಾಡಿಗೆಂದೇ ಕೊಳ್ಳುವುದಾದರೆ ಗುಂಡಿಯಿಲ್ಲದ ಮೈಕು ಒಳ್ಳೆಯದು. ಮೈಕು ಯಾವಾಗಲೂ ಹೊತ್ತಿಯೇ ಇರಲಿ, ಬೇಡವಾದಾಗ ಮಿಕ್ಸರಿನ ಬಳಿ ಕೂತವರು ಆ ಚಾನಲನ್ನು ಇಳಿಸಲಿ. ಕಾರ್ಯಕ್ರಮಕ್ಕೆ ಮೊದಲು ಹೊಸ ಸೆಲ್ ಹಾಕುವುದು, ವೈರಿನ ಮೈಕೊಂದನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು, ಮೈಕನ್ನು ಆರಿಸದೆ ಹಾಗೇ ಕೊಡಿ ಎಂದು ನಿರೂಪಕರು ಮೊದಲೇ ಹೇಳುವುದು ಇವೂ ಬೇಕು. ಹೊಸಬರಿಗೆ ಹಳೆಯ ಸ್ಟ್ಯಾಂಡೇ ಸೂಕ್ತ. ಆಗ ಸಾಹಿತ್ಯ ನೋಡಲು ಎರಡು ಕೈಗಳೂ ಬಿಡುವಾಗಿರುತ್ತವೆ.

ಇದರಲ್ಲಿ ಹೊಸದೇನೂ ಇಲ್ಲ. ಮೇಲಿನಿಂದ ಇಳಿಬಿಟ್ಟ ನಾಟಕದ ಮೈಕು, ಬಾನುಲಿಯ ಗಾಜಿನ ಕೋಣೆ, ಗುಂಡಿಯಿಲ್ಲದ ಸ್ಟುಡಿಯೊ ಮೈಕು ಎಲ್ಲವೂ ಪಾಲಿಸಿಕೊಂಡು ಬಂದ ನಿಯಮವೇ ಇದು. ಹಾಡುವವರು ಹಾಡಲಿ, ಹತೋಟಿ ಇನ್ನೊಬ್ಬರ ಕೈಯಲ್ಲಿರಲಿ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ರಿಯಾಯಿತಿ ಕೊಡಬಹುದು. ಮೈಕಾಸುರನ ಕಾಟದಿಂದ ಬೇಸತ್ತವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಈ ನಿಯಮ ಬೇಕಾದದ್ದೇ. ಆದರೆ ಸಭಾ ಕಾರ್ಯಕ್ರಮ, ಸನ್ಮಾನಗಳು ಮುಗಿಯುವ ಹೊತ್ತಿಗೇ ಒಂಬತ್ತಾಗಿರುತ್ತದೆ. ಪಟ್ಟಿಯಲ್ಲಿ ಹದಿನೈದು ಹೆಸರು. ದನಿ ಬಾರದ ಹಾಡನ್ನು ಮೊದಲಿನಿಂದ ಹಾಕಿಸಿ ಎಂದು ಕೇಳಲು ಸಮಯವಿಲ್ಲ.

ಗಟ್ಟಿ ಕಂಠದ ದುರ್ಯೋಧನನಿಗೆ ಮೈಕು ಆರಿದರೂ ಅಷ್ಟೇನೂ ನಷ್ಟವಿಲ್ಲ. ಆತ ಮೈಕಿಲ್ಲದೆಯೂ ಊರಿಗೆ ಕೇಳಿಸಬಲ್ಲ. ನಷ್ಟವಾಗುವುದು ಮೈಕನ್ನು ನಂಬಿ ನಡುಮನೆಯಿಂದ ವೇದಿಕೆಗೆ ಬಂದ ಮೆಲುದನಿಗೆ. ಅವರ ಪಾಲಿಗೆ ಬರುವುದು ವರ್ಷಕ್ಕೆ ಒಂದು ಹಾಡು, ನಾಲ್ಕು ನಿಮಿಷ. ಮೈಕ್‌ಸೆಟ್‌ನವರ ಪೆಟ್ಟಿಗೆಯಲ್ಲಿ ಒಂದು ಸುರುಳಿ ಟೇಪ್ ಇದ್ದರೆ ಆ ನಾಲ್ಕು ನಿಮಿಷ ಅವರಿಗೆ ಪೂರ್ತಿಯಾಗಿ ದಕ್ಕುತ್ತದೆ.