ಬೇಕಲೈಟ್: ವಿದ್ಯುತ್ ನಿರೋಧಕ ಗುಣದ ಪರೀಕ್ಷೆ

ಹಳೆಯ ಮನೆಗಳಲ್ಲಿ ಕಾಣುವ ಕಪ್ಪು, ಕಂದು ಬಣ್ಣದ ಸ್ವಿಚ್ಚು ಹಾಗೂ ಬಲ್ಬ್ ಹೋಲ್ಡರುಗಳು ಸಾಮಾನ್ಯವಾಗಿ ಬೇಕಲೈಟ್‌ನಿಂದ ತಯಾರಾದವು. ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಸಂಯೋಗದಿಂದ ದೊರೆಯುವ ಈ ವಸ್ತು, ಸಂಪೂರ್ಣ ಕೃತಕವಾದ ಮೊದಲ ಪ್ಲಾಸ್ಟಿಕ್. ಬೆಲ್ಜಿಯಂ ಮೂಲದ ರಸಾಯನ ವಿಜ್ಞಾನಿ ಲಿಯೋ ಬೇಕಲೆಂಡ್ 1907ರಲ್ಲಿ ಅಮೆರಿಕದಲ್ಲಿ ಇದನ್ನು ಸಿದ್ಧಪಡಿಸಿದರು. 1909ರಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ಅದಕ್ಕೂ ಮುನ್ನ ನಿರೋಧಕ ಲೇಪನಕ್ಕೆ ಬಳಕೆಯಾಗುತ್ತಿದ್ದ ಅರಗಿನ ಮುಖ್ಯ ಮೂಲ ಭಾರತವೇ ಆಗಿತ್ತು.

ಅಚ್ಚಿಗೆ ಹಾಕುವ ಮುನ್ನ ಈ ರಾಳಕ್ಕೆ ಮರದ ಹುಡಿ, ಅಭ್ರಕ ಅಥವಾ ಕಲ್ನಾರನ್ನು ಬೆರೆಸಲಾಗುತ್ತಿತ್ತು. ಮರದ ಹುಡಿ ತೇವ ಹೀರುತ್ತದೆ. ಅಭ್ರಕ ಬೆರೆತದ್ದು ಉತ್ತಮ ನಿರೋಧಕ. ಹೀಗಾಗಿ ಬೇಕಲೈಟ್ ಎಂಬ ಹೆಸರೊಂದೇ ಗುಣಮಟ್ಟದ ಖಾತರಿಯಲ್ಲ.

ಮೂರು ಪರೀಕ್ಷೆಗಳು

ಮೊದಲನೆಯದು ಭೇದನ ಪರೀಕ್ಷೆ. ಹಲಗೆಯಾಕಾರದ ಮಾದರಿಯನ್ನು ಎರಡು ವಿದ್ಯುದ್ವಾರಗಳ ನಡುವೆ, ಸಾಮಾನ್ಯವಾಗಿ ಎಣ್ಣೆಯಲ್ಲಿ ಇಟ್ಟು, ಕಿಡಿ ತೂರಿಹೋಗುವವರೆಗೂ ವೋಲ್ಟೇಜ್ ಏರಿಸಲಾಗುತ್ತದೆ. ಸಾಮಾನ್ಯ ದರ್ಜೆಯ ಬೇಕಲೈಟ್ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 10,000 ವೋಲ್ಟ್ ತಡೆಯಬಲ್ಲದು.

ಎರಡನೆಯದು ರೋಧದ ಅಳತೆ. ಮಾದರಿಯನ್ನು ನೀರಿನಲ್ಲಿ ನೆನೆಸುವ ಮುನ್ನ ಮತ್ತು ನೆನೆಸಿದ ನಂತರ ಅಳೆದರೆ, ತೇವದಿಂದ ಆಗುವ ಕುಸಿತ ತಿಳಿಯುತ್ತದೆ.

ಮೂರನೆಯದು ಮೇಲ್ಮೈಗೆ ಸಂಬಂಧಿಸಿದ್ದು. 4 ಮಿ.ಮೀ. ಅಂತರದ ಎರಡು ವಿದ್ಯುದ್ವಾರಗಳ ನಡುವೆ ಅಮೋನಿಯಂ ಕ್ಲೋರೈಡ್ ದ್ರಾವಣದ 50 ಹನಿಗಳನ್ನು 30 ಸೆಕೆಂಡಿಗೊಂದರಂತೆ ಬೀಳಿಸಲಾಗುತ್ತದೆ. ಒಳಗೆ ಸಾವಿರಾರು ವೋಲ್ಟ್ ತಡೆಯುವ ಬೇಕಲೈಟ್, ಇಲ್ಲಿ 200 ವೋಲ್ಟ್‌ಗೂ ಮುನ್ನವೇ ಸೋಲುವುದುಂಟು. ಈ ಸಂಖ್ಯೆ ಬಳಕೆಯ ಮಿತಿಯಲ್ಲ, ವಸ್ತುಗಳನ್ನು ಹೋಲಿಸುವ ಅಳತೆಗೋಲು ಮಾತ್ರ.

ಅಪಾಯ ಎಲ್ಲಿ?

ದೂಳು ಮತ್ತು ತೇವ ಸೇರಿದಾಗ ಮೇಲ್ಮೈಯಲ್ಲಿ ಅಲ್ಪ ವಿದ್ಯುತ್ ಹರಿದು ಸಣ್ಣ ಕಿಡಿಗಳು ಏಳುತ್ತವೆ. ಅವುಗಳ ಶಾಖಕ್ಕೆ ರಾಳ ಇದ್ದಿಲಾಗುತ್ತದೆ. ಇದ್ದಿಲು ವಿದ್ಯುದ್ವಾಹಕ, ಆದ್ದರಿಂದ ಕಪ್ಪು ಗೆರೆ ಬೆಳೆಯುತ್ತಾ ಹೋಗಿ, ಕೊನೆಗೆ ಬೆಂಕಿಗೂ ಕಾರಣವಾಗಬಹುದು.

ಮನೆಯ ವೈರಿಂಗ್ ಪರೀಕ್ಷೆಗೆ ಎಲೆಕ್ಟ್ರಿಷಿಯನ್ನರು ಮೆಗ್ಗರ್ ಬಳಸುತ್ತಾರೆ. ವಿದ್ಯುತ್ ಪೂರೈಕೆ ಕಡಿತಗೊಳಿಸಿ, ಉಪಕರಣಗಳನ್ನು ಬೇರ್ಪಡಿಸಿ, 500 ವೋಲ್ಟ್ ಡಿ.ಸಿ. ನೀಡಿದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಬೇಸಿಗೆಯಲ್ಲಿ ತೇರ್ಗಡೆಯಾದ ಸ್ವಿಚ್ಚು ಮಳೆಗಾಲದಲ್ಲಿ ವಿಫಲವಾಗಬಹುದು. ಆದಕಾರಣ ಬಿರುಕು, ಸುಟ್ಟ ವಾಸನೆ ಅಥವಾ ಕಪ್ಪು ಗೆರೆ ಕಂಡ ಸ್ವಿಚ್ಚನ್ನು ಒರೆಸಿ ಬಳಸದೆ ಬದಲಿಸುವುದೇ ಕ್ಷೇಮ. ಕಲ್ನಾರು ಬೆರೆತಿರುವ ಸಾಧ್ಯತೆ ಇರುವುದರಿಂದ ಹಳೆಯ ಬೇಕಲೈಟನ್ನು ಉಜ್ಜುವುದಾಗಲೀ ಕೊರೆಯುವುದಾಗಲೀ ಸಲ್ಲದು.